‘ಡಿಲೀಟ್ ಆಗಿದೆ’ ಅಂದರೆ, ಮಾಡಿದವರು ಯಾರು?

ನಮ್ಮ ಕಚೇರಿಗಳ ಕನ್ನಡದಲ್ಲಿ ಒಂದು ಕ್ರಿಯಾಪದಕ್ಕೆ ವಿಶೇಷ ಮರ್ಯಾದೆಯಿದೆ: ‘ಆಗಿದೆ’. ಫೈಲು ಮಿಸ್ ಆಗಿದೆ, ಸರ್ವರ್ ಡೌನ್ ಆಗಿದೆ, ನಿಮ್ಮ ಹೆಸರು ಡಿಲೀಟ್ ಆಗಿದೆ. ಶಾಲೆಯಲ್ಲಿ ನಮಗೆ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂಬ ಎರಡನ್ನು ಬಾಯಿಪಾಠ ಮಾಡಿಸಿದರು. ರಾಮನು ಹಣ್ಣನ್ನು ತಿಂದನು. ರಾಮನಿಂದ ಹಣ್ಣು ತಿನ್ನಲ್ಪಟ್ಟಿತು. ಎರಡನೆಯದು ಕಿವಿಗೆ ಎಷ್ಟೇ ಕಷ್ಟವಾದರೂ ಅದರಲ್ಲಿ ರಾಮ ತೃತೀಯಾ ವಿಭಕ್ತಿಯಲ್ಲಾದರೂ ನಿಂತಿರುತ್ತಾನೆ. ‘ಆಗಿದೆ’ಯಲ್ಲಿ ರಾಮನೇ ಇಲ್ಲ. ಮಳೆ ಆಗಿದೆ, ಮಧ್ಯಾಹ್ನ ಆಗಿದೆ ಅನ್ನುವ ಧಾಟಿಯಲ್ಲೇ ಹೆಸರೂ ಡಿಲೀಟ್ ಆಗಿದೆ. ಆಕಾಶದಿಂದ ಬಿದ್ದದ್ದಕ್ಕೆ ಯಾರನ್ನು ಕೇಳುತ್ತೀರಿ?

ನಾನು ಈ ಬರಹದಲ್ಲಿ ಜಗಳ ತೆಗೆಯುತ್ತಿರುವುದು ಈ ಕರ್ತೃವಿಲ್ಲದ ವಾಕ್ಯದ ಜೊತೆ. ಅಳಿಸಿಹೋದ ದಾಖಲೆಯನ್ನು ವಾಪಸು ತರುವುದು ಒಂದು ಕೆಲಸ. ಅದನ್ನು ಅಳಿಸಿದ್ದು ಯಾವುದು, ಯಾರು ಎಂದು ಪತ್ತೆ ಹಚ್ಚುವುದು ಇನ್ನೊಂದು ಕೆಲಸ. ನಮ್ಮ ಸಂಸ್ಥೆಗಳು ಮೊದಲನೆಯದನ್ನು ಉದಾರವಾಗಿ ಮುಂದಿಟ್ಟು ಎರಡನೆಯದನ್ನು ಮುಚ್ಚಿಟ್ಟುಕೊಳ್ಳುವ ವಿದ್ಯೆ ಕಲಿತಿವೆ. ‘ಹೋದರೆ ಹೋಗಲಿ ಬಿಡಿ, ಮತ್ತೆ ಅರ್ಜಿ ಹಾಕಿ, ಸೇರಿಸ್ತೀವಿ’ ಎಂಬ ಮಾತು ಸಹಾಯದ ಹಾಗೆ ಕೇಳಿಸುತ್ತದೆ. ಅದು ಸಹಾಯವಲ್ಲ.

ಮೊದಲು ತಾಂತ್ರಿಕ ಸಂಗತಿ ಸ್ವಲ್ಪ. ಸಾಹಿತ್ಯದ ವಿದ್ಯಾರ್ಥಿಗಳು ಹೆದರಬೇಕಿಲ್ಲ, ನಾನೂ ಅದೇ ಪೈಕಿ. ಡೇಟಾಬೇಸ್ ಅಂದರೆ ಪಟ್ಟಿ, ಪಟ್ಟಿಯಲ್ಲಿ ಸಾಲುಗಳು. ಒಂದು ಸಾಲನ್ನು ಅಳಿಸಿ ಎಂದು ಆಜ್ಞೆ ಕೊಟ್ಟ ಕ್ಷಣದಲ್ಲಿ ಅದು ಮಾಯವಾಗುತ್ತದೆ ಅಂದುಕೊಂಡಿದ್ದೇವೆ. ಹಾಗಾಗುವುದಿಲ್ಲ. ಉದಾಹರಣೆಗೆ ಪೋಸ್ಟ್‌ಗ್ರೆಸ್ ಎಂಬ ಬಹುಬಳಕೆಯ ವ್ಯವಸ್ಥೆಯಲ್ಲಿ ಅಳಿಸಿದ ಸಾಲು ಅಲ್ಲೇ ಇರುತ್ತದೆ. ‘ಇದು ಇನ್ನು ಲೆಕ್ಕಕ್ಕಿಲ್ಲ’ ಎಂಬ ಗುರುತು ಬೀಳುತ್ತದೆ ಅಷ್ಟೆ. ಆಮೇಲೊಮ್ಮೆ ಕಸ ಗುಡಿಸುವ ಕಾರ್ಯ ಬಂದು ಜಾಗ ಖಾಲಿ ಮಾಡುತ್ತದೆ. ಅದೂ ಸಾಲದೆಂದು, ಪಟ್ಟಿಯನ್ನು ಮುಟ್ಟುವ ಮೊದಲೇ ‘ಇಂಥದ್ದನ್ನು ಮಾಡಲಿದ್ದೇನೆ’ ಎಂದು ಒಂದು ದಿನಚರಿಯಲ್ಲಿ ಬರೆದುಕೊಳ್ಳುವ ಶಿಸ್ತು ಇಂಥ ವ್ಯವಸ್ಥೆಗಳಿಗಿದೆ. ಅದನ್ನು ಲಾಗ್ ಅನ್ನುತ್ತಾರೆ. ಹಳೆಯ ಬ್ಯಾಕಪ್ ಇದ್ದು, ಅಲ್ಲಿಂದೀಚೆಗಿನ ಲಾಗ್ ಇದ್ದರೆ, ನಿನ್ನೆ ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ಪಟ್ಟಿ ಹೇಗಿತ್ತೋ ಹಾಗೆ ನಿಲ್ಲಿಸಬಹುದು. ಅಂದರೆ ಯಂತ್ರದ ಸ್ವಭಾವ ಮರೆಯುವುದಲ್ಲ. ಯಾರು ಮಾಡಿದ್ದು ಎಂಬುದನ್ನೂ ಬರೆದಿಡು ಎಂದು ಹೇಳಿದರೆ ಅದನ್ನೂ ಬರೆದಿಡುತ್ತದೆ. ಹೇಳಬೇಕು ಅಷ್ಟೆ.

ನಾನು ಸಂಶೋಧನೆ ಮಾಡುವ ವಿಭಾಗದಲ್ಲಿ ಹಸ್ತಪ್ರತಿಗಳ ಸೂಚಿಯೊಂದು ಕಂಪ್ಯೂಟರಿನಲ್ಲಿದೆ. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಒಬ್ಬ ದಾನಿ ಕೊಟ್ಟ ಓಲೆಗರಿಗಳ ಇಡೀ ಸಂಗ್ರಹದ ವಿವರ ನಾಪತ್ತೆ. ಗುತ್ತಿಗೆ ಮೇಲಿದ್ದ ಪ್ರೋಗ್ರಾಮರ್ ಹುಡುಗ ಶನಿವಾರದ ಬ್ಯಾಕಪ್ಪಿನಿಂದ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ವಾಪಸು ತಂದ. ಎಲ್ಲರಿಗೂ ಟೀ ಬಂತು. ‘ಸಿಕ್ತಲ್ಲ, ಬಿಡಪ್ಪ’ ಅಂದರು ಮೇಷ್ಟ್ರು. ಅವನು ಬಿಡಲಿಲ್ಲ: ‘ಸಾರ್, ಯಾಕೆ ಹೋಯ್ತು ಅಂತ ಗೊತ್ತಾಗದೆ ಹಾಕಿದ್ರೆ ಇನ್ನೊಂದ್ಸಲ ಹೋಗುತ್ತೆ.’ ಮುಂದಿನ ಸೋಮವಾರ ಮತ್ತೆ ಹೋಯಿತು. ಲಾಗ್ ತೆಗೆದು ನೋಡಿದಾಗ ಎರಡೂ ಸಲ ಭಾನುವಾರ ರಾತ್ರಿ ಒಂದೇ ಹೊತ್ತಿಗೆ ಅಳಿಸಿಹೋಗಿತ್ತು. ಯಾವುದೋ ಕಾಲದಲ್ಲಿ ಯಾರೋ ಕೂರಿಸಿದ್ದ ಒಂದು ಪುಟ್ಟ ಪ್ರೋಗ್ರಾಂ ವಾರಕ್ಕೊಮ್ಮೆ ಎದ್ದು ಒಂದೇ ಥರದ ಹೆಸರುಗಳನ್ನು ಹುಡುಕಿ ಎರಡನೆಯದನ್ನು ಅಳಿಸುತ್ತಿತ್ತು. ನಮ್ಮ ದಾನಿಯ ಹೆಸರು ಆ ತಿಂಗಳು ಎರಡು ಕಾಗುಣಿತದಲ್ಲಿ ದಾಖಲಾಗಿತ್ತು. ದಾನಿಯ ಸಾಲು ಹೋದರೆ ಅದಕ್ಕೆ ಕಟ್ಟಿಕೊಂಡ ಎಲ್ಲ ಸಾಲುಗಳೂ ಹೋಗಲಿ ಎಂಬ ಸೂಚನೆ ಆ ಪಟ್ಟಿಗಿತ್ತು. ಡೇಟಾಬೇಸ್‌ನವರು ಇದನ್ನು ಕ್ಯಾಸ್ಕೇಡ್ ಅನ್ನುತ್ತಾರೆ. ಬುಡ ಕಡಿದರೆ ಕೊಂಬೆ ಬಿದ್ದ ಹಾಗೆ. ದುರುದ್ದೇಶ ಯಾರದ್ದೂ ಇರಲಿಲ್ಲ. ಆದರೆ ಆ ಪ್ರೋಗ್ರಾಂ ಯಾರು ಕೂರಿಸಿದ್ದು ಎಂದು ಮಾತ್ರ ಇವತ್ತಿಗೂ ಪತ್ತೆಯಾಗಿಲ್ಲ. ಕಾರಣ ಸರಳ: ವಿಭಾಗದಲ್ಲಿ ಎಲ್ಲರೂ ‘ಅಡ್ಮಿನ್’ ಎಂಬ ಒಂದೇ ಹೆಸರಲ್ಲಿ ಒಳಗೆ ಹೋಗುತ್ತಿದ್ದರು, ಪಾಸ್‌ವರ್ಡು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿತ್ತು.

ಓಲೆಗರಿಯ ವಿವರ ಹೋದರೆ ಒಬ್ಬ ಸಂಶೋಧಕನ ವಾರ ಹಾಳಾಗುತ್ತದೆ. ಈಗ ಈ ದೇಶದ ಅತಿ ದೊಡ್ಡ ಪಟ್ಟಿಗಳಲ್ಲಿ ಒಂದಾದ ಮತದಾರರ ಪಟ್ಟಿಗೆ ಬರೋಣ. ಅಲ್ಲಿ ಒಂದು ಸಾಲು ಅಂದರೆ ಒಬ್ಬ ಮನುಷ್ಯ.

ಮತದಾರರ ಪಟ್ಟಿಯ ಹಿಂಬದಿಯ ಪೂರಕ ಪುಟಗಳನ್ನು ಯಾರಾದರೂ ಓದಿದ್ದೀರಾ? ಕೈಬಿಟ್ಟ ಹೆಸರುಗಳು ಅಲ್ಲಿರುತ್ತವೆ, ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರ. ‘ಇ’ ಅಂದರೆ ತೀರಿಕೊಂಡವರು, ‘ಎಸ್’ ಅಂದರೆ ಸ್ಥಳ ಬಿಟ್ಟವರು, ‘ಆರ್’ ಅಂದರೆ ಎರಡು ಸಲ ಬಂದವರು. ಮೂಲ ಪಟ್ಟಿಯಲ್ಲಿ ಆ ಹೆಸರಿನ ಚೌಕದ ಮೇಲೆ ಅಡ್ಡಲಾಗಿ ‘ಡಿಲೀಟೆಡ್’ ಎಂಬ ಮುದ್ರೆ. ನನ್ನ ಮಟ್ಟಿಗೆ ಇದು ಒಳ್ಳೆಯ ಸಂಪ್ರದಾಯವೇ. ಹಳಗನ್ನಡ ಕಾವ್ಯ ಸಂಪಾದಿಸುವವರು ಓಲೆ ಮುರಿದ ಜಾಗದಲ್ಲಿ ಚುಕ್ಕಿ ಹಾಕಿ ‘ಗ್ರಂಥಪಾತ’ ಎಂದು ಬರೆಯುವ ಹಾಗೆ, ಇಲ್ಲಿ ಏನೋ ಇತ್ತು ಎಂದಾದರೂ ಒಪ್ಪಿಕೊಳ್ಳುತ್ತದೆ. ಆದರೆ ಮುಂದಿನ ಪರಿಷ್ಕರಣೆಯಲ್ಲಿ ಎಲ್ಲವನ್ನೂ ಒಗ್ಗೂಡಿಸಿ ಹೊಸದಾಗಿ ಕ್ರಮಸಂಖ್ಯೆ ಹಾಕಿದಾಗ ಆ ಚುಕ್ಕಿಯೂ ಹೋಗುತ್ತದೆ. ಅಲ್ಲಿ ಯಾರೂ ಇರಲೇ ಇಲ್ಲವೇನೋ ಎಂಬಷ್ಟು ನುಣ್ಣಗೆ.

ಅಕ್ಷರ ಇದ್ದಾಗಲೂ ಅದು ಹೇಳುವುದು ನೆಪವನ್ನು, ಕಾರಣವನ್ನಲ್ಲ. ‘ಎಸ್’ ಎಂದು ಯಾರು ತೀರ್ಮಾನಿಸಿದರು? ಯಾವ ಅರ್ಜಿಯ ಮೇಲೆ? ಮನೆಗೆ ಯಾರು ಬಂದು ನೋಡಿದರು, ಯಾವತ್ತು? ನೋಟಿಸ್ ಯಾರ ಕೈಗೆ ಕೊಟ್ಟರು? ನಾನಿರುವ ಬಾಣಸವಾಡಿಯಲ್ಲಿ ಈ ಅಕ್ಷರ ತಮಾಷೆಯ ವಸ್ತುವಲ್ಲ. ಕಮ್ಮನಹಳ್ಳಿಯಿಂದ ರಿಂಗ್ ರೋಡಿನವರೆಗೆ 11 ತಿಂಗಳ ಕರಾರಿನ ಬಾಡಿಗೆ ಮನೆಗಳು. ಮೇಲಿನ ಮಹಡಿಯಿಂದ ಎದುರು ಬೀದಿಗೆ ಹೋದವರೂ ‘ಸ್ಥಳ ಬಿಟ್ಟವರು’. ಬೀಗ ಹಾಕಿದ ಬಾಗಿಲು, ಮಾತು ಬೆಳೆಸದ ಪಕ್ಕದ ಮನೆಯವರು, ಅವಸರದಲ್ಲಿರುವ ಬೂತ್ ಅಧಿಕಾರಿ ಇಷ್ಟೇ ಸೇರಿದರೆ ಒಂದು ‘ಎಸ್’ ತಯಾರಾಗುತ್ತದೆ. ಬೂತ್ ಅಧಿಕಾರಿಯ ಮೇಲೆ ನನಗೆ ಸಿಟ್ಟಿಲ್ಲ. ಬಹಳ ಕಡೆ ಅದು ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಟೀಚರೋ ತಮ್ಮ ಕೆಲಸದ ಮೇಲೆ ಹೊರುವ ಇನ್ನೊಂದು ಹೊರೆ.

ಬಾಣಸವಾಡಿ ಇರುವುದು ಸರ್ವಜ್ಞನಗರ ವಿಧಾನಸಭಾ ಕ್ಷೇತ್ರದಲ್ಲಿ. ಶಿವಾಜಿನಗರ, ಮಹದೇವಪುರ, ಇದು ಮೂರೂ ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದ ಭಾಗಗಳು. 2022ರ ನವೆಂಬರಿನಲ್ಲಿ ‘ಚಿಲುಮೆ’ ಪ್ರಕರಣ ಹೊರಬಿತ್ತಲ್ಲ, ಮತದಾರರ ಜಾಗೃತಿ ಮಾಡುತ್ತೇವೆಂದು ಬಿಬಿಎಂಪಿಯಿಂದ ಅನುಮತಿ ಪಡೆದ ಸಂಸ್ಥೆಯ ಹುಡುಗರು ಸರ್ಕಾರಿ ಸಿಬ್ಬಂದಿಯ ವೇಷದಲ್ಲಿ ಮನೆಮನೆಯ ಮಾಹಿತಿ ಸಂಗ್ರಹಿಸಿದರು ಎಂಬ ಆರೋಪ, ಆಗ ಚುನಾವಣಾ ಆಯೋಗ ಇಬ್ಬರು ಐಎಎಸ್ ಅಧಿಕಾರಿಗಳನ್ನು ಅಮಾನತಿನಲ್ಲಿಡಲು ಹೇಳಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದಲ್ಲಿ ಆ ವರ್ಷದ ಜನವರಿ 1ರಿಂದ ಸೇರಿಸಿದ, ಕೈಬಿಟ್ಟ ಪ್ರತಿಯೊಂದು ಹೆಸರನ್ನೂ ಮರುಪರಿಶೀಲಿಸಲು ಆದೇಶಿಸಿತು. ಆಕ್ಷೇಪಣೆಯ ಅವಧಿ ಡಿಸೆಂಬರ್ 24ರವರೆಗೆ ವಿಸ್ತರಣೆಯಾಯಿತು. ನೂರಕ್ಕೆ ನೂರು ಪರಿಶೀಲನೆ! ಒಳ್ಳೆಯದೇ. ಆದರೆ ಆ ಆದೇಶದ ಅರ್ಥವನ್ನು ನಿಧಾನವಾಗಿ ಓದಿ. ಪ್ರತಿ ಸಾಲಿಗೂ ತನ್ನ ಚರಿತ್ರೆ ಅಂಟಿಕೊಂಡಿದ್ದರೆ ತಪ್ಪನ್ನು ಹುಡುಕಲು ಬೀದಿಗೆ ಇಳಿದು ಮತ್ತೆ ಮೊದಲಿಂದ ಎಣಿಸಬೇಕಿತ್ತೇ? ಕಳೆದುಹೋದ ಕುರಿಗಾಗಿ ಇಡೀ ಮಂದೆಯನ್ನು ಮತ್ತೆ ಎಣಿಸುವುದು, ಬೇಲಿ ಎಲ್ಲಿ ಮುರಿದಿದೆ ಎಂದು ನೋಡದೆ.

ಬೇಲಿ ಮುರಿದದ್ದು ಹೇಗೆ ಎಂದು ನೋಡಲು ಹೊರಟಾಗ ಏನಾಗುತ್ತದೆ ಎಂಬುದಕ್ಕೆ ಕಲಬುರಗಿ ಜಿಲ್ಲೆಯ ಆಳಂದವೇ ಸಾಕ್ಷಿ. 2023ರ ವಿಧಾನಸಭಾ ಚುನಾವಣೆಗೆ ಕೆಲವು ತಿಂಗಳ ಮುಂಚೆ ಆ ಕ್ಷೇತ್ರದಲ್ಲಿ ಹೆಸರು ತೆಗೆಯುವಂತೆ ಕೋರುವ 6,018 ಅರ್ಜಿಗಳು, ಅಂದರೆ ನಮೂನೆ 7, ಆನ್‌ಲೈನ್‌ನಲ್ಲಿ ಬಂದವು. ಸ್ಥಳಕ್ಕೆ ಹೋಗಿ ನೋಡಿದಾಗ ಅವುಗಳಲ್ಲಿ ಸರಿಯಾಗಿದ್ದದ್ದು 24. ಉಳಿದ 5,994 ತಿರಸ್ಕೃತವಾದವು. 2018ರಲ್ಲಿ ಅಲ್ಲಿ ಗೆಲುವಿನ ಅಂತರ 697 ಮತ ಎಂಬುದನ್ನು ಪಕ್ಕದಲ್ಲಿಟ್ಟು ಈ ಸಂಖ್ಯೆಯನ್ನು ನೋಡಿ. ಬಿ.ಆರ್. ಪಾಟೀಲರು ದೂರು ಕೊಟ್ಟರು, 2023ರ ಫೆಬ್ರವರಿಯಲ್ಲಿ ನೋಂದಣಾಧಿಕಾರಿಯೇ ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ದಾಖಲಿಸಿದರು.

ಇದು ಬೆಳಕಿಗೆ ಬಂದದ್ದು ಯಾವ ಸಾಫ್ಟ್‌ವೇರಿನ ಜಾಣತನದಿಂದಲೂ ಅಲ್ಲ. ಒಬ್ಬ ಬೂತ್ ಅಧಿಕಾರಿಗೆ ತಮ್ಮ ಸಂಬಂಧಿಕರ ಹೆಸರನ್ನೇ ತೆಗೆಯಿರಿ ಎಂಬ ಅರ್ಜಿ ಕಣ್ಣಿಗೆ ಬಿತ್ತು. ಅರ್ಜಿದಾರರೆಂದು ನಮೂದಾಗಿದ್ದವರನ್ನು ಕೇಳಿದರೆ ಅವರಿಗೆ ಗೊತ್ತೇ ಇಲ್ಲ. ಆ ಅರ್ಜಿ ಬೇರೆ ಬೂತಿಗೆ ಬಿದ್ದಿದ್ದರೆ? ಆಯೋಗದ ವಾದ, ಸಾರ್ವಜನಿಕರು ಯಾರೂ ಆನ್‌ಲೈನ್‌ನಲ್ಲಿ ಹೆಸರು ಅಳಿಸಲಾರರು, ಅರ್ಜಿಗಳು ತಿರಸ್ಕೃತವಾದವು, ಹಾಗಾಗಿ ವ್ಯವಸ್ಥೆ ಕೆಲಸ ಮಾಡಿದೆ ಎಂಬುದು. ಅರ್ಧ ನಿಜ. ಬೀಗ ಮುರಿಯಲು ಬಂದವನು ನಾಯಿ ಬೊಗಳಿದ್ದಕ್ಕೆ ಓಡಿಹೋದ. ಆದ್ದರಿಂದ ನಮ್ಮ ಬೀಗ ಗಟ್ಟಿ ಎಂದು ಹೇಳಿದ ಹಾಗೆ ಅದು.

ನಂತರ ನಡೆದದ್ದೇ ನನ್ನ ಮುಖ್ಯ ತಕರಾರು. 2023ರ ಸೆಪ್ಟೆಂಬರ್ 6ರಂದು ಆಯೋಗ ತನ್ನ ಬಳಿಯಿದ್ದ ಮಾಹಿತಿಯನ್ನು ಕಲಬುರಗಿ ಪೊಲೀಸರಿಗೆ ಕೊಟ್ಟಿತು: ಅರ್ಜಿ ಸಂಖ್ಯೆ, ಲಾಗಿನ್ ಆದ ಮೊಬೈಲ್ ನಂಬರು, ಐಪಿ ವಿಳಾಸ, ದಿನಾಂಕ, ಸಮಯ. ಸಿಐಡಿ ಇನ್ನೂ ಕೇಳಿತು: ಅರ್ಜಿ ತಲುಪಿದ ಕಡೆಯ ಐಪಿ ವಿಳಾಸ, ಪೋರ್ಟ್ ಸಂಖ್ಯೆ. ಮತ್ತೆ ಮತ್ತೆ ಪತ್ರ ಬರೆಯಿತು. ಕೇಳಿದವರಿಗೆ ಇದು ಗುಮಾಸ್ತರ ಹಠದ ಹಾಗೆ ಕಾಣಬಹುದು. ಆದರೆ ವಠಾರವನ್ನು ಕಲ್ಪಿಸಿಕೊಳ್ಳಿ. ಬೀದಿಗೆ ಒಂದೇ ಬಾಗಿಲು, ಒಂದೇ ಡೋರ್ ನಂಬರು, ಒಳಗೆ ಇಪ್ಪತ್ತು ಮನೆ. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಒಂದೇ ಹೊತ್ತಿನಲ್ಲಿ ಬಹಳಷ್ಟು ಗ್ರಾಹಕರಿಗೆ ಹಂಚುತ್ತವೆ. ಯಾವ ಪೋರ್ಟಿನಿಂದ, ಎಲ್ಲಿಗೆ, ಯಾವ ಸೆಕೆಂಡಿನಲ್ಲಿ ಎಂಬುದಿಲ್ಲದೆ ಬರೀ ಐಪಿ ವಿಳಾಸ ಅಂದರೆ ವಠಾರದ ಡೋರ್ ನಂಬರು. ಪೊಲೀಸಿನವರು ಬೀದಿಬಾಗಿಲಲ್ಲೇ ನಿಲ್ಲಬೇಕು. ಕಂಪನಿಗಳು ಇಂಥ ದಾಖಲೆಯನ್ನು ಇಟ್ಟುಕೊಳ್ಳುವುದಕ್ಕೂ ಅವಧಿಯಿದೆ. ಹಾಗಾಗಿ ಇಲ್ಲಿ ತಡ ಮಾಡುವುದೇ ಅಳಿಸುವ ಒಂದು ವಿಧಾನ.

2025ರ ಸೆಪ್ಟೆಂಬರ್ 18ರಂದು ರಾಹುಲ್ ಗಾಂಧಿ ಪತ್ರಿಕಾಗೋಷ್ಠಿ ಕರೆದು ಆಳಂದವನ್ನು ದೇಶಕ್ಕೆ ತೋರಿಸಿದರು. ಕೆಲವೇ ಸೆಕೆಂಡುಗಳಲ್ಲಿ ಎರಡೆರಡು ಅರ್ಜಿ, ಬೂತಿನ ಮೊದಲ ಕ್ರಮಸಂಖ್ಯೆಯವರನ್ನೇ ಆರಿಸಿ ಅವರ ಹೆಸರಲ್ಲಿ ಅರ್ಜಿ, ಬೇರೆ ರಾಜ್ಯದ ಮೊಬೈಲ್ ನಂಬರುಗಳು ಎಂದು ಆರೋಪಿಸಿದರು. ಆ ಬಳಿಕವಷ್ಟೇ ರಾಜ್ಯ ಸರ್ಕಾರಕ್ಕೆ ವಿಶೇಷ ತನಿಖಾ ತಂಡ ನೆನಪಾಯಿತು. ಇದೇ ಪಕ್ಷ 2023ರ ಮೇ ತಿಂಗಳಿಂದ ಅಧಿಕಾರದಲ್ಲಿತ್ತು, ಸಿಐಡಿ ಅದರದ್ದೇ ಕೈಕೆಳಗಿತ್ತು ಎಂಬುದನ್ನು ಯಾರೂ ವೇದಿಕೆಯ ಮೇಲೆ ಹೇಳಲಿಲ್ಲ. ಅದೇ ತಿಂಗಳು ಆಯೋಗವೂ ಆನ್‌ಲೈನ್ ಅರ್ಜಿಗೆ ಆಧಾರ್ ಜೋಡಿತ ಮೊಬೈಲಿನ ಇ-ಸಹಿಯನ್ನು ಕಡ್ಡಾಯ ಮಾಡಿತು. ಎಲ್ಲ ಸರಿಯಿತ್ತು ಎಂದ ಮೇಲೆ ಹೊಸ ಚಿಲಕ ಯಾಕೆ? ಒಂದು ಅರ್ಜಿಗೆ 80 ರೂಪಾಯಿಯಂತೆ ಹಣ ಸಂದಾಯವಾಗಿತ್ತು ಎಂದು ತನಿಖಾ ತಂಡ ಕಂಡುಕೊಂಡಿದ್ದಾಗಿ ಅಕ್ಟೋಬರಿನಲ್ಲಿ ಪತ್ರಿಕೆಗಳು ವರದಿ ಮಾಡಿದವು. ಗಾಂಧಿನಗರದಲ್ಲಿ ಒಂದು ಬಿರಿಯಾನಿಗೆ ಇದಕ್ಕಿಂತ ಹೆಚ್ಚಾಗುತ್ತದೆ.

‘ಹೆಸರು ತೆಗೆಯುವುದೇ ತಪ್ಪಾ?’ ಎಂದು ಕೇಳುವವರಿದ್ದಾರೆ. ಖಂಡಿತ ಅಲ್ಲ. ಸತ್ತವರ ಹೆಸರು ಪಟ್ಟಿಯಲ್ಲಿ ಉಳಿದರೆ ಅವರ ಬದಲು ಯಾರೋ ಬಂದು ಮತ ಹಾಕುತ್ತಾರೆ. ಎರಡು ಕಡೆ ಹೆಸರಿರುವುದೂ ಸರಿಯಲ್ಲ. ಪಟ್ಟಿ ಸ್ವಚ್ಛವಾಗಬೇಕು. ಆದರೆ ಸ್ವಚ್ಛ ಮಾಡುವ ಯಂತ್ರವೂ ನಮ್ಮ ವಿಭಾಗದ ಭಾನುವಾರ ರಾತ್ರಿಯ ಪ್ರೋಗ್ರಾಮಿನ ಹಾಗೆ ವರ್ತಿಸಬಹುದು. 2018ರ ಡಿಸೆಂಬರಿನಲ್ಲಿ ತೆಲಂಗಾಣದಲ್ಲಿ ಮತಗಟ್ಟೆಗೆ ಹೋಗಿ ಹೆಸರಿಲ್ಲದೆ ವಾಪಸಾದವರು ಎಷ್ಟು ಮಂದಿಯೆಂದರೆ ಅಲ್ಲಿನ ಮುಖ್ಯ ಚುನಾವಣಾಧಿಕಾರಿ ಬಹಿರಂಗವಾಗಿ ಕ್ಷಮೆ ಕೇಳಿದರು. ಹೆಸರು ತೆಗೆಯಲು ಬಳಸಿದ ಸಾಫ್ಟ್‌ವೇರ್ ಹೇಗೆ ತೀರ್ಮಾನಿಸುತ್ತದೆ ಎಂದು ಕೇಳಿ ಶ್ರೀನಿವಾಸ್ ಕೊಡಾಲಿ ಎಂಬ ಸಂಶೋಧಕರು ಹೈದರಾಬಾದಿನ ಹೈಕೋರ್ಟಿಗೆ ಹೋಗಬೇಕಾಯಿತು. ಕ್ಷಮೆ ದೊಡ್ಡ ಗುಣ, ಒಪ್ಪುತ್ತೇನೆ. ಕ್ಷಮೆಯಲ್ಲಿ ಕಾರಣ ಇರುವುದಿಲ್ಲ.

ಈಗ ‘ಮತ್ತೆ ಅರ್ಜಿ ಹಾಕಿ’ ಎಂಬ ಉಪಕಾರದ ವಿಷಯ. ಹೆಸರು ಹೋದವರಿಗೆ ಸಾಮಾನ್ಯವಾಗಿ ಕೈಗೆ ಕೊಡುವುದು ನಮೂನೆ 6. ಅದು ಹೊಸ ಮತದಾರರ ಅರ್ಜಿ. ಮೂವತ್ತು ವರ್ಷ ಮತ ಹಾಕಿದ ಅಜ್ಜಿ ಅದನ್ನು ತುಂಬಿದ ಕೂಡಲೇ ಹದಿನೆಂಟು ತುಂಬಿದ ಹುಡುಗಿಯ ಸಾಲಿನಲ್ಲಿ ನಿಲ್ಲುತ್ತಾಳೆ. ಅವಳ ಹಳೆಯ ಸಾಲು ವಾಪಸು ಬರುವುದಿಲ್ಲ. ಹೊಸ ಸಾಲು ಹುಟ್ಟುತ್ತದೆ. ತಪ್ಪಾಗಿ ಅಳಿಸಿದ್ದರು ಎಂಬ ಸಂಗತಿ ಎಲ್ಲೂ ದಾಖಲಾಗುವುದಿಲ್ಲ. ವರ್ಷದ ಕೊನೆಗೆ ಅಂಕಿಅಂಶದಲ್ಲಿ ಒಂದು ‘ಕೈಬಿಟ್ಟದ್ದು’, ಒಂದು ‘ಸೇರ್ಪಡೆ’, ಎರಡೂ ಕಚೇರಿಯ ಸಾಧನೆ! ಡೇಟಾಬೇಸ್ ಭಾಷೆಯಲ್ಲಿ ಹೇಳುವುದಾದರೆ ಇದು ಪುನಃಸ್ಥಾಪನೆಯಲ್ಲ, ಸಾಕ್ಷ್ಯನಾಶ.

ಕಾನೂನು ಇಷ್ಟು ಕುರುಡಾಗಿಲ್ಲ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಒಬ್ಬರು ಸ್ಥಳ ಬಿಟ್ಟಿದ್ದಾರೆ ಎಂದು ಹೆಸರು ತೆಗೆಯುವ ಮೊದಲು ಅವರ ಮಾತು ಕೇಳಬೇಕು. 24ನೇ ಸೆಕ್ಷನ್ ಮೇಲ್ಮನವಿಗೆ ಅವಕಾಶ ಕೊಡುತ್ತದೆ. ಕರ್ತವ್ಯಲೋಪ ಮಾಡಿದ ಅಧಿಕಾರಿಗೆ 32ನೇ ಸೆಕ್ಷನ್ ಜೈಲನ್ನೂ ಹೇಳುತ್ತದೆ. 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈಗಾಗಲೇ ಪಟ್ಟಿಯಲ್ಲಿದ್ದವರ ಹೆಸರನ್ನು ಮುಟ್ಟುವ ಮುನ್ನ ಅಧಿಕಾರಿಯ ಕೈಯಲ್ಲಿರುವ ಆಧಾರವನ್ನು ಅವರಿಗೆ ತಿಳಿಸಬೇಕು ಎಂದಿದೆ. ಎಲ್ಲ ಇದೆ. ಆದರೆ ಅಳಿಸಿದ್ದೇ ಗೊತ್ತಾಗದವರು ಯಾವುದರ ಮೇಲೆ ಮೇಲ್ಮನವಿ ಹಾಕಬೇಕು? ಮತಗಟ್ಟೆಯ ಬಾಗಿಲಲ್ಲಿ ಗೊತ್ತಾದಾಗ ಮೇಲ್ಮನವಿಯ 15 ದಿನ ಯಾವಾಗಲೋ ಮುಗಿದಿರುತ್ತದೆ.

ಇಷ್ಟೊಂದು ಸಾಲುಗಳಿಗೆ ಹೊಣೆಗಾರರನ್ನು ಬರೆದಿಡುವುದು ಸಾಧ್ಯವೇ ಎಂಬ ಪ್ರಶ್ನೆ ಬಂದರೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಶಾನುಭೋಗರ ಕಾಲದಲ್ಲಿ ‘ಕಡತ’ ಅಂದರೆ ಇದ್ದಿಲು ಬಳಿದ ಕಪ್ಪು ಬಟ್ಟೆ. ಬಳಪದಲ್ಲಿ ಬರೆಯಬಹುದು, ಬೇಕಾದಾಗ ಒರೆಸಿ ಮತ್ತೆ ಬರೆಯಬಹುದು. ಇವತ್ತು ಕಚೇರಿಯ ಫೈಲಿಗೆ ಅದೇ ಹೆಸರು ಉಳಿದಿರುವುದು ಕಾಕತಾಳೀಯವಿರಲಿಕ್ಕಿಲ್ಲ! 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಅಧಿಕಾರಿಗಳು ಬೆರಳಚ್ಚು ಕೊಟ್ಟೇ ಒಳಹೋಗಬೇಕು ಎಂಬ ನಿಯಮ ಮಾಡಿದರು. ಖಾತೆ ಬದಲಿಸಿದವನು ನಾಳೆ ‘ನಾನಲ್ಲ’ ಎನ್ನಬಾರದು ಎಂಬುದೇ ಉದ್ದೇಶ. ಭೂಮಿಗೂ ತನ್ನ ರೋಗಗಳಿವೆ, ತಾಲ್ಲೂಕು ಕಚೇರಿಗೆ ಅಲೆದವರಿಗೆ ನಾನು ಹೇಳಬೇಕಿಲ್ಲ. ಆದರೂ ಕಾಲು ಶತಮಾನದ ಹಿಂದೆ ಒಂದು ಎಕರೆಗೆ ಸಿಕ್ಕ ಗೌರವ ಇವತ್ತು ಒಂದು ಮತಕ್ಕೆ ಯಾಕಿಲ್ಲ?

ಹೊರಗಿನವರು ಪತ್ತೆ ಹಚ್ಚೋಣವೆಂದರೆ ಅದಕ್ಕೂ ಅಡ್ಡಿ. ನಮಗೆ ಸಿಗುವ ಪಟ್ಟಿ ಚಿತ್ರರೂಪದ ಪಿಡಿಎಫ್. ಅದರಲ್ಲಿ ಹೆಸರು ಹುಡುಕಲಾಗದು, ಎರಡು ವರ್ಷದ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಲಾಗದು. ಹುಡುಕಬಹುದಾದ ರೂಪದಲ್ಲಿ ಕೊಡಿ ಎಂದು 2018ರಲ್ಲಿ ಕಮಲ್ ನಾಥ್ ಸುಪ್ರೀಂ ಕೋರ್ಟಿಗೆ ಹೋಗಿ ಸೋತರು. ಮತದಾರರ ಖಾಸಗಿತನದ ಕಾರಣವನ್ನು ಆಯೋಗ ಕೊಡುತ್ತದೆ. ಖಾಸಗಿತನದ ಆತಂಕ ಸುಳ್ಳಲ್ಲ. ಚಿಲುಮೆಯ ನಂತರ ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಇಡೀ ಪಟ್ಟಿಯ ಚಿತ್ರವನ್ನು ಊರಿಗೆಲ್ಲ ಹಂಚಿ, ಓದುವ ಯಂತ್ರಕ್ಕೆ ಮಾತ್ರ ಪರದೆ ಎಳೆಯುವುದು ಯಾವ ಖಾಸಗಿತನ? ಯಂತ್ರ, ಹಣ, ಕೂಲಿಗೆ ಜನ ಇರುವ ಪಕ್ಷಗಳು ಅದನ್ನು ಟೈಪ್ ಮಾಡಿಸಿಕೊಳ್ಳುತ್ತವೆ. ವಿದ್ಯಾರ್ಥಿಗಳು, ಊರಿನ ಸಂಘದವರು ಹೊರಗೆ ಉಳಿಯುತ್ತಾರೆ.

ಪರದೆ ಸರಿಯುವುದಿಲ್ಲ ಎಂದೇನಿಲ್ಲ. ಬಿಹಾರದ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ 2025ರ ಆಗಸ್ಟ್ 1ರ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದಾಗ, ಅವುಗಳನ್ನು ಪ್ರತ್ಯೇಕವಾಗಿ ಪ್ರಕಟಿಸುವ ಬಾಧ್ಯತೆ ತನಗಿಲ್ಲ ಎಂದೇ ಆಯೋಗ ವಾದಿಸಿತು. ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಅಷ್ಟೂ ಹೆಸರನ್ನು ಕಾರಣದೊಂದಿಗೆ, ಗುರುತಿನ ಚೀಟಿ ಸಂಖ್ಯೆ ಹಾಕಿ ಹುಡುಕಬಹುದಾದಂತೆ ಪ್ರಕಟಿಸಲು ಆದೇಶಿಸಿತು. ಕೆಲವೇ ದಿನಗಳಲ್ಲಿ ಪಟ್ಟಿ ಬಂತು. ಅಂದರೆ ಆ ಸಾಲುಗಳು, ಆ ಕಾರಣಗಳು ಮೊದಲೇ ಇದ್ದವು. ತೋರಿಸುವ ಮನಸ್ಸು ಇರಲಿಲ್ಲ. ಸತ್ತಿದ್ದಾರೆ ಎಂದು ದಾಖಲಾದವರು ನಡೆದುಕೊಂಡು ಕೋರ್ಟಿಗೆ ಬಂದದ್ದನ್ನೂ ಆ ದಿನಗಳಲ್ಲಿ ದೇಶ ನೋಡಿತು.

ಆದರೆ ಬಿಹಾರದಲ್ಲೂ ಸಿಕ್ಕಿದ್ದು ‘ಇ’, ‘ಎಸ್’ ಮಟ್ಟದ ಕಾರಣವೇ. ನಾವು ಕೇಳಬೇಕಾದ್ದು ಮುಂದಿನ ಖಾನೆಗಳನ್ನು. ಅಳಿಸಿದ ಪ್ರತಿ ಸಾಲಿಗೆ: ಅರ್ಜಿ ಕೊಟ್ಟವರು ಯಾರು ಅಥವಾ ಕಚೇರಿಯೇ ತಾನಾಗಿ ಮಾಡಿತೇ, ಯಾವ ಲಾಗಿನ್ನಿನಿಂದ, ಮನೆಗೆ ಹೋದವರು ಯಾರು, ನೋಟಿಸ್ ಯಾವತ್ತು ತಲುಪಿತು, ಅಂತಿಮ ಒಪ್ಪಿಗೆ ಯಾರದ್ದು. ಹೆಸರು ಕಳೆದುಕೊಂಡವರಿಗೆ ಇದು ಅರ್ಜಿಯಿಲ್ಲದೆ ಸಿಗಬೇಕು. ಇದರ ಒಂದು ಪ್ರತಿ ಅಳಿಸುವ ಅಧಿಕಾರ ಇಲ್ಲದವರ ಬಳಿ, ಉದಾಹರಣೆಗೆ ಹೈಕೋರ್ಟಿನ ರಿಜಿಸ್ಟ್ರಿಯಲ್ಲಿ, ಪ್ರತಿ ತಿಂಗಳು ಠೇವಣಿಯಾಗಬೇಕು. ಬಟನ್ ಒತ್ತುವವನ ಕಪಾಟಿನಲ್ಲೇ ಲಾಗ್ ಇದ್ದರೆ ಅದು ಮತ್ತೆ ಕಪ್ಪು ಬಟ್ಟೆಯ ಕಡತ.

ಅವರು ಕೊಡುವವರೆಗೆ ಕಾಯಬೇಕೆಂದೇನೂ ಇಲ್ಲ. ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ನಿಮ್ಮ ಭಾಗದ ಪಟ್ಟಿ ಇದೆ. ಇವತ್ತೇ ಇಳಿಸಿಕೊಂಡು ದಿನಾಂಕ ಹಾಕಿ ಇಟ್ಟುಕೊಳ್ಳಿ. ಹೊಸದು ಬಂದಾಗ ಹಳೆಯದು ಅಲ್ಲಿರುತ್ತದೆಂಬ ಭರವಸೆ ಇಲ್ಲ. ಹೊಸ ಪಟ್ಟಿ ಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಒಬ್ಬರು ಓದಿ ಇನ್ನೊಬ್ಬರು ಟಿಕ್ ಹಾಕುತ್ತಾ ಹೋಗಿ, ಪಾಠಾಂತರ ಗುರುತಿಸುವ ಹಾಗೆ. ಒಂದು ಭಾಗದಲ್ಲಿ ಸಾವಿರದಿಂದ ಸಾವಿರದೈನೂರರ ಆಸುಪಾಸು ಹೆಸರು. ಇಬ್ಬರು ಕೂತರೆ ಒಂದು ಭಾನುವಾರದ ಕೆಲಸ. ಕಾಣೆಯಾದ ಹೆಸರುಗಳ ಮನೆ ಬಾಗಿಲು ತಟ್ಟಿ, ಅವರು ಅಲ್ಲೇ ಇದ್ದರೆ, ಮೇಲಿನ ಐದು ಪ್ರಶ್ನೆಗಳನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಬರೆದು ಹತ್ತು ರೂಪಾಯಿ ಶುಲ್ಕ ಕಟ್ಟಿ ಕೊಡಿ. ‘ಡಿಲೀಟ್ ಆಗಿದೆ’ ಎಂಬ ಉತ್ತರ ಬಂದರೆ ಮೊದಲ ಮೇಲ್ಮನವಿಗೆ 30 ದಿನ ಇರುತ್ತದೆ.